ಕಿಟಕಿ ತೆಗೆದೆವು

5 ಮೇ 2021, ಬುಧವಾರ, ರಾತ್ರಿ 9.30

ನನಗೆ ಕೋವಿಡ್ ಶುರುವಾಗಿ ಇವತ್ತಿಗೆ ಏಳನೇ ದಿನ. ನಿನ್ನೆಯಿಂದ ಜ್ವರ ಇಲ್ಲ. ಮೈಕೈ ನೋವು ಇದೆ, ಬೆನ್ನಲ್ಲಿ ಜಾಸ್ತಿ. ವಾಸನೆ ಇನ್ನೂ ಬಂದಿಲ್ಲ. ಹೋದ ಶುಕ್ರವಾರ ನನ್ನ ರೂಮ್‌ಮೇಟ್ ಗದಗದವಳು ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಾಗ ನನಗೆ ಏನೂ ಗೊತ್ತಾಗಲಿಲ್ಲ. ಎದೆ ಧಸಕ್ ಅಂದಿತ್ತು. ಶನಿವಾರ ಟೆಸ್ಟ್, ಸೋಮವಾರ ಪಾಸಿಟಿವ್ ಅಂತ ಮೆಸೇಜು.

ಬೆಳಿಗ್ಗೆ ಆದ ಗಾಬರಿ ಮೊದಲು ಬರೆದುಬಿಡುತ್ತೇನೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ನಮ್ಮ ವಠಾರಕ್ಕೆಲ್ಲ ಒಂದೇ. ನಾಲ್ಕು ಮನೆಯವರು ದುಡ್ಡು ಹಾಕಿ ತಂದಿದ್ದು. ಆಟೋ ಅಣ್ಣ ಮೂರು ಮೆಡಿಕಲ್ ಶಾಪ್ ಸುತ್ತಿದ ಮೇಲೆ ಸಿಕ್ಕಿತ್ತು. ಬೆಳಿಗ್ಗೆ ಬೆರಳಿಗೆ ಸಿಕ್ಕಿಸಿದರೆ 91. ತೆಗೆದು ಮತ್ತೆ ಹಾಕಿದೆ, 90. 94ಕ್ಕಿಂತ ಕೆಳಗಿಳಿದರೆ ತಡ ಮಾಡಬೇಡಿ ಅಂತ ಫೋನಲ್ಲಿ ಮಾತಾಡಿದ ಡಾಕ್ಟರ್ ಹೇಳಿದ್ದರು. ಆಸ್ಪತ್ರೆಯಲ್ಲಿ ಬೆಡ್ ಬೇಕು ಅಂದರೆ ಬಿಯು ನಂಬರ್, ಅಂದರೆ ಬೆಂಗಳೂರಲ್ಲಿ ಪಾಸಿಟಿವ್ ಬಂದವರಿಗೆ ಕೊಡುವ ನಂಬರ್, ಕೇಳುತ್ತಾರೆ ಅಂತ ಗದಗದವಳು ಅದನ್ನು ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಟ್ಟಿದ್ದಾಳೆ. ಅವಳು ಬೆಡ್ಡಿನ ಹೆಲ್ಪ್‌ಲೈನ್ 1912 ಒತ್ತಿಯೂ ಆಗಿತ್ತು. ಅಷ್ಟರಲ್ಲಿ ನನ್ನ ಕೈ ನೋಡಿದಳು.

"ಏ, ಈಗ ತಣ್ಣೀರಾಗ ಬಟ್ಟಿ ಹಿಂಡಿ ಬಂದಿಯಲ್ಲ. ಕೈ ತಿಕ್ಕು ಮೊದ್ಲ."

ಅಂಗೈ ಎರಡೂ ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡು, ಐದು ನಿಮಿಷ ಸುಮ್ನೆ ಕೂತು ಹಾಕಿದೆ. 96. ಬೆರಳು ತಣ್ಣಗಿದ್ದರೆ ಅದು ಕಡಿಮೆ ತೋರಿಸುತ್ತದೆ, ನೇಲ್ ಪಾಲಿಶ್ ಇದ್ದರೂ ಹಾಗೇ. ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ನೆನಪಿಟ್ಟುಕೊಳ್ಳಿ. ಆ ಐದು ನಿಮಿಷದಲ್ಲಿ ನಾನು ಅಪ್ಪನಿಗೆ ಕಳಿಸಬೇಕಿದ್ದ ದುಡ್ಡಿನ ಲೆಕ್ಕವನ್ನೆಲ್ಲ ಮನಸ್ಸಲ್ಲೇ ಹಾಕಿ ಮುಗಿಸಿದ್ದೆ.

ಕಾಗದದಲ್ಲಿ ಹೋಮ್ ಐಸೋಲೇಶನ್ ಅಂದರೆ ಬೇರೆ ರೂಮು, ಬೇರೆ ಟಾಯ್ಲೆಟ್ಟು. ನಮ್ಮದು ಒಂದೇ ರೂಮು, ಮೂಲೆಯಲ್ಲಿ ಅಡುಗೆ ಕಟ್ಟೆ. ನಡುವೆ ಅವಳ ಹಳೇ ಸೀರೆ ಕಟ್ಟಿದ್ದೇವೆ. ಆ ಕಡೆ ಅವಳು, ಈ ಕಡೆ ನಾನು. ಅವಳ ಗಾರ್ಮೆಂಟ್ಸ್ 27ನೇ ತಾರೀಖಿಂದ ಮುಚ್ಚಿದೆ. ಮಾರನೇ ದಿನ ಊರಿಗೆ ಹೊರಡೋಣ ಅಂದುಕೊಂಡಳು, ಬಸ್ಸೇ ನಿಂತುಹೋಯಿತು. ನನ್ನ ಫ್ಯಾಕ್ಟರಿ ಮುಚ್ಚಲಿಲ್ಲ, ಗಾರ್ಮೆಂಟ್ಸ್ ಬಿಟ್ಟು ಬೇರೆಯವಕ್ಕೆಲ್ಲ ಪರ್ಮಿಷನ್ ಇತ್ತಲ್ಲ. ನಾನು ಕೆಲಸಕ್ಕೆ ಹೋಗಿ ಕಾಯಿಲೆ ತಂದೆ. ಅವಳು ಮನೆಯಲ್ಲೇ ಇದ್ದು ನನ್ನ ಜೊತೆ ಸಿಕ್ಕಿಕೊಂಡಳು. ಅವಳ ರಿಪೋರ್ಟ್ ನೆಗೆಟಿವ್, ಇವತ್ತಿನವರೆಗೆ ಕೆಮ್ಮಿಲ್ಲ.

ಇನ್ನು ಟಾಯ್ಲೆಟ್ಟು. ಆರು ಮನೆಗೆ ಎರಡು. ಸೋಮವಾರ ಸಂಜೆ ಹೊತ್ತಿಗೆ ಎಡಗಡೆಯದರ ಚಿಲಕಕ್ಕೆ ಯಾರೋ ಕೆಂಪು ದಾರ ಕಟ್ಟಿದ್ದರು. ಅದು ನನ್ನದು ಅಂತ ಅರ್ಥ. ನೋಡಿದ ತಕ್ಷಣ ಕಣ್ಣಲ್ಲಿ ನೀರು ಬಂತು, ಅವಮಾನ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. ನನ್ನೊಬ್ಬಳಿಗೆ ಒಂದು ಬಿಟ್ಟುಕೊಟ್ಟು, ಮಕ್ಕಳು ಮುದುಕರು ಸೇರಿ ಹತ್ತೊಂಬತ್ತು ಜನ ಬಲಗಡೆಯದರ ಮುಂದೆ ಬೆಳಿಗ್ಗೆ ಐದರಿಂದ ಬಕೆಟ್ ಹಿಡಿದು ನಿಲ್ಲುತ್ತಿದ್ದಾರೆ. ಯಾರೂ ಒಂದು ಮಾತು ಆಡಿಲ್ಲ.

ಮಧ್ಯಾಹ್ನ ಅವ್ವ ಫೋನ್ ಮಾಡಿದ್ದಳು. ಚಾಮರಾಜನಗರದ ಸುದ್ದಿ ಬಂದಾಗಿನಿಂದ ಅವಳಿಗೆ ನಿದ್ದೆ ಇಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಒಂದೇ ದಿನದಲ್ಲಿ 24 ಜನ ಹೋಗಿಬಿಟ್ಟರು. ನಮ್ಮ ಪಕ್ಕದ ಬೀದಿಯವರ ಬೀಗರೂ ಅಲ್ಲೇ ಇದ್ದರಂತೆ, ಏನಾದರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಹುಷಾರಾದ ಮೇಲೆ ಬಂದುಬಿಡಲಾ ಅಂದೆ.

"ಬ್ಯಾಡ ಕನವ್ವ, ಅಲ್ಲೇ ಇರು. ಇಲ್ಲಿ ಗಾಳಿಗೇ ಬರ ಬಂದದೆ."

ಮಳೆಗೆ ಬರ ಬಂದಿದ್ದು ನೋಡಿದವಳು ನಮ್ಮವ್ವ. ಆ ಮಾತನ್ನು ಗಾಳಿಗೆ ಹೇಳುತ್ತಾಳೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ.

ಗಾಳಿ ಅಂದಾಗ ಕಿಟಕಿ ವಿಷಯ. ನಮ್ಮ ರೂಮಿಗೆ ಒಂದೇ ಕಿಟಕಿ, ಅದೂ ಓಣಿಯ ಕಡೆಗೆ. ಎದುರಿಗೆ ಎರಡು ಮಾರು ದೂರದಲ್ಲಿ ಅಜ್ಜಿ ಬಾಗಿಲು. ಕಿಟಕಿ ಕೆಳಗೇ ಮೂರನೇ ಮನೆ ಅಕ್ಕನ ಮಕ್ಕಳು ಆಡುವುದು. ಡಾಕ್ಟರ್ ಕಿಟಕಿ ತೆಗೆದಿಡಿ ಅಂತ ಎರಡು ಸಲ ಒತ್ತಿ ಹೇಳಿದ್ದರು. ಆದರೆ ತೆಗೆದರೆ ನನ್ನ ಉಸಿರೆಲ್ಲ ಆ ಮಕ್ಕಳ ಮೇಲೆ. ಹಾಗಾಗಿ ಸೋಮವಾರದಿಂದ ಮುಚ್ಚಿಟ್ಟಿದ್ದೆವು. ಮೇ ತಿಂಗಳ ಸೆಕೆ, ಮೇಲೆ ಶೀಟಿನ ಮನೆ. ಗದಗದವಳು ಸೀರೆಯ ಆ ಕಡೆ ಮಾಸ್ಕ್ ಹಾಕಿಕೊಂಡೇ ಮಲಗುತ್ತಿದ್ದಳು.

ನಾಲ್ಕು ಗಂಟೆಗೆ ಅಜ್ಜಿ ಹೊರಗಿನಿಂದಲೇ ಕಿಟಕಿ ತಟ್ಟಿದರು.

"ಏನಮ್ಮ, ಮೂರು ದಿನ ಆಯ್ತು ಮುಚ್ಚಿ. ಒಳಗೆ ಬೆಂದುಹೋಗ್ತೀರಾ?"

"ಮಕ್ಕಳಿದ್ದಾರಲ್ಲ ಅಜ್ಜಿ" ಅಂದೆ.

"ಮಕ್ಕಳಿಗಾದ್ರೆ ಓಡೋಕೆ ಟೆರೇಸಿದೆ. ನಿನ್ನ ಜೊತೆ ಇರೋ ಹುಡುಗಿ ಎಲ್ಲಿಗೆ ಓಡ್ತಾಳೆ?"

ನನಗೆ ಉತ್ತರ ಹೊಳೆಯಲಿಲ್ಲ. ಇಡೀ ವಠಾರಕ್ಕೆ ಹರಡಬಾರದು ಅಂತ ಮುಚ್ಚಿಟ್ಟು, ಎಲ್ಲವನ್ನೂ ಅವಳೊಬ್ಬಳಿಗೇ ಕುಡಿಸುತ್ತಿದ್ದೆ. ಅವಳು ಒಂದು ಸಲವಾದರೂ ಹೇಳಬಹುದಿತ್ತು ಅಲ್ವಾ. ಹೇಳಲಿಲ್ಲ.

ಅಜ್ಜಿಗೆ ಲಸಿಕೆ ಒಂದು ಡೋಸ್ ಆಗಿದೆ. ಎರಡನೆಯದಕ್ಕೆ ಎರಡು ಸಲ ಹೋಗಿ ಸ್ಟಾಕ್ ಇಲ್ಲ ಅಂತ ವಾಪಸ್ ಬಂದಿದ್ದಾರೆ. "ನಿಮ್ಮ ಬಾಗಿಲು ಎದುರಿಗೇ ಇದೆ, ನಿಮಗೆ ಏನಾದರೂ ಆದರೆ" ಅಂದೆ. ಅವರು ಮೇಲೆ ಕೈ ತೋರಿಸಿದರು. ಓಣಿಗೆ ಸೂರಿಲ್ಲ, ಮೇಲೆ ಆಕಾಶ. ಗಾಳಿ ಮೇಲೆ ಹೋಗುತ್ತೆ, ನಾನು ನನ್ನ ಬಾಗಿಲು ಹಾಕ್ಕೋತೀನಿ, ಹಿಂದುಗಡೆ ಜಗಲಿ ಇದೆಯಲ್ಲ ಅಂದರು. ನಿಂತ ಕಾಲಲ್ಲೇ ಮಕ್ಕಳನ್ನು ಕೂಗಿ ಮೇಲೆ ಓಡಿಸಿದರು. ಮೂರನೇ ಮನೆ ಅಕ್ಕ ಏನೋ ಗೊಣಗಿದರು. ಅವರ ಮೇಲೆ ನನಗೆ ಕೋಪ ಇಲ್ಲ. ನನ್ನ ಮಕ್ಕಳಾಗಿದ್ದರೆ ನಾನೂ ಗೊಣಗುತ್ತಿದ್ದೆ.

ಕಿಟಕಿ ತೆಗೆದೆವು. ಸೀರೆ ಅಲ್ಲಾಡಿತು. ಗದಗದವಳು ಅಡುಗೆ ಕಟ್ಟೆ ಹತ್ತಿರ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂತಳು. ಎಷ್ಟು ಹೊತ್ತು ಹಾಗೇ ಕೂತಿದ್ದಳೋ.

ಅದನ್ನು ನೋಡಿದ ಮೇಲೆ ನನಗೆ ಇನ್ನು ತಡೆಯಲಾಗಲಿಲ್ಲ. ಫೋನ್ ತೆಗೆದುಕೊಂಡೆ.

ಕೆಲಸದಲ್ಲಿ ನನ್ನ ಎದುರು ಊಟಕ್ಕೆ ಕೂರುವ ತುಮಕೂರಿನವಳು ಒಬ್ಬಳಿದ್ದಾಳೆ. ಈಗ ಅವಳಿಗೆ ಐದು ತಿಂಗಳು. ಮಿಷನ್ ಹತ್ತಿರ ಎಲ್ಲರಿಗೂ ಮಾಸ್ಕ್ ಇರುತ್ತದೆ. ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಾರೆ, ಕೈಗೆ ಸ್ಯಾನಿಟೈಜರ್ ಹಾಕುತ್ತಾರೆ. ಊಟಕ್ಕೆ ಮಾತ್ರ ಒಂದೇ ಟೇಬಲ್ಲಿಗೆ ಎಂಟು ಜನ, ಮಾಸ್ಕ್ ಮಡಿಲಲ್ಲಿ. ಹೋದ ಗುರುವಾರ ನನಗೆ ಮಧ್ಯಾಹ್ನವೇ ಮೈ ಬೆಚ್ಚಗಿತ್ತು, ಬಿಸಿಲಿಗೆ ಅಂದುಕೊಂಡೆ. ಅವತ್ತು ಅವಳು ನನ್ನ ಡಬ್ಬಿಯಿಂದ ಉಪ್ಸಾರಿನ ಖಾರವನ್ನು ಬೆರಳಲ್ಲೇ ತೆಗೆದು ನೆಕ್ಕಿದಳು. ಬಸುರಿ ಬಯಕೆ. ಇನ್ನೊಂಚೂರು ಹಾಕೇ ಅಂದಳು, ಹಾಕಿದೆ.

ಸೋಮವಾರ ರಿಪೋರ್ಟ್ ಬಂದ ಕೂಡಲೇ ಸೂಪರ್‌ವೈಸರಿಗೆ ಹೇಳಿದ್ದೆ. "ರೆಸ್ಟ್ ತಗೋ. ಆದ್ರೆ ಟೈಫಾಯಿಡ್ ಅಂತ ಹೇಳು. ಲೈನಲ್ಲಿ ಗೊತ್ತಾದ್ರೆ ನಾಳೆಯಿಂದ ಯಾರೂ ಬರಲ್ಲ" ಅಂದರು. ನಾನು ಹೂಂ ಅಂದೆ. ಸಂಬಳದ ಭಯ, ವಾಪಸ್ ಸೇರಿಸಿಕೊಳ್ಳದಿದ್ದರೆ ಅನ್ನುವ ಭಯ. ಇಎಸ್‌ಐನಲ್ಲಿ, ಅಂದರೆ ಕೆಲಸಗಾರರ ಸರ್ಕಾರಿ ವಿಮೆಯಲ್ಲಿ, ಕಾಯಿಲೆ ರಜೆಗೆ ಸಂಬಳದ 70 ಪರ್ಸೆಂಟ್ ಬರುತ್ತದೆ, ಅದಕ್ಕೆ ಆರು ತಿಂಗಳಲ್ಲಿ 78 ದಿನದ ಕಂತು ಕಟ್ಟಿರಬೇಕು ಅಂತ ಗದಗದವಳು ಹೇಳಿದ್ದೇ ನಿನ್ನೆ. ನನ್ನ ಸ್ಲಿಪ್ಪುಗಳನ್ನೆಲ್ಲ ಹಾಸಿಗೆ ಮೇಲೆ ಹರಡಿ ಎಣಿಸಿದೆ. ಇದೆ.

ತುಮಕೂರಿನವಳು ಎರಡನೇ ರಿಂಗಿಗೇ ಎತ್ತಿದಳು. ಟೈಫಾಯಿಡ್ ಹೆಂಗಿದೆಯೇ, ಎಳನೀರು ಕುಡಿ ಅಂದಳು.

"ಟೈಫಾಯಿಡ್ ಅಲ್ಲ ಕಣೇ. ನನಗೆ ಪಾಸಿಟಿವ್ ಬಂದಿದೆ."

ಸ್ವಲ್ಪ ಹೊತ್ತು ಏನೂ ಇಲ್ಲ.

"ಯಾವತ್ತು ಬಂತು?"

"ಸೋಮವಾರ."

"ಇವತ್ತು ಬುಧವಾರ."

"ಸರ್ ಹಾಗೆ ಹೇಳು ಅಂದ್ರು."

"ಅವರು ಹೇಳು ಅಂದ್ರು. ನೀನು ಹೇಳಿಬಿಟ್ಯಾ?"

ಅಳಲಿಲ್ಲ, ಬೈಯಲಿಲ್ಲ. ಮೆಲ್ಲಗೆ ಹೇಳಿದಳು, "ನಮ್ಮತ್ತೆಗೆ ಶುಗರ್ ಇದೆ. ಸೋಮವಾರನೇ ಹೇಳಿದ್ರೆ ಎರಡು ರಾತ್ರಿ ಅವರ ಪಕ್ಕದಲ್ಲಿ ಮಲಗ್ತಿರಲಿಲ್ಲ ನಾನು." ಆಮೇಲೆ ಫೋನ್ ಇಟ್ಟಳು.

ಬಸುರಿಯರಿಗೆ ಲಸಿಕೆಯೂ ಕೊಡುತ್ತಿಲ್ಲ ಈಗ. ಅವಳು ಏನು ಮಾಡಬೇಕು? ನಾಳೆ ಟೆಸ್ಟಿಗೆ ಹೋಗಬೇಕು, ಆ ಕ್ಯೂನಲ್ಲಿ ಎರಡು ಗಂಟೆ ನಿಲ್ಲಬೇಕು, ಹೊಟ್ಟೆ ಹೊತ್ತುಕೊಂಡು. ಉಳಿದ ಆರು ಜನಕ್ಕೂ ಇವತ್ತೇ ಫೋನ್ ಮಾಡಿದೆ. ಇಬ್ಬರು ಎತ್ತಲಿಲ್ಲ, ಮೆಸೇಜ್ ಹಾಕಿದ್ದೇನೆ. ಸೂಪರ್‌ವೈಸರ್ ಎಂಟು ಗಂಟೆಯಿಂದ ಮೂರು ಸಲ ಕಾಲ್ ಮಾಡಿದರು. ನಾನು ಎತ್ತಿಲ್ಲ. ನಾಳೆ ಎತ್ತುತ್ತೇನೆ.

ಇವತ್ತು ರಾಜ್ಯದಲ್ಲಿ ಒಂದೇ ದಿನಕ್ಕೆ ಹೊಸ ಕೇಸು 50 ಸಾವಿರ ದಾಟಿತಂತೆ. ಟಿವಿ ಆಫ್ ಮಾಡಿ ಅಂತ ಅಜ್ಜಿ ಯಾರಿಗೋ ಕೂಗುತ್ತಿದ್ದಾರೆ. ಇಲ್ಲಿ ನನ್ನ ವಿಷಯ ಗೋಡೆ ದಾಟಲು ಒಂದು ಗಂಟೆಯೂ ಬೇಕಾಗಲಿಲ್ಲ, ಸಂಜೆಗೆ ದಾರ ಕಟ್ಟಿಯಾಗಿತ್ತು. ಫ್ಯಾಕ್ಟರಿಯಲ್ಲೂ ಯಾರಾದರೂ ಒಂದು ಕೆಂಪು ದಾರ ಕಟ್ಟಿದ್ದರೆ ಆ ಎರಡು ರಾತ್ರಿ

ಬಾಗಿಲು ತಟ್ಟುತ್ತಿದ್ದಾರೆ. ಆಟೋ ಅಣ್ಣನಿಗೆ ಸಂಜೆಯಿಂದ ಮೈ ಬಿಸಿಯಂತೆ, ಆಕ್ಸಿಮೀಟರ್ ಬೇಕಂತೆ. ಸ್ಪಿರಿಟ್ ಹಚ್ಚಿ ಒರೆಸಿ ಕಿಟಕಿ ಮೇಲೆ ಇಡಬೇಕು. ಕೈ ಉಜ್ಜಿಕೊಂಡು ನೋಡಿ ಅಂತಲೂ ಹೇಳಬೇಕು.