ಬ್ರೂನೊ ಕೋಂಟಿ ನಕ್ಷೆ ಪುಸ್ತಕ: ಸ್ಪೇನ್ ಪುಟಗಳು ಮುಗಿಯುತ್ತಾ ಬಂದವು

ಕೋಂಟಿ ಪುಸ್ತಕದಲ್ಲಿ ಸ್ಪೇನ್‌ನಲ್ಲಿ ನಡೆದ 1982ರ ಫುಟ್‌ಬಾಲ್ ವಿಶ್ವಕಪ್ ಭಾಗ ಹೆಚ್ಚುಕಮ್ಮಿ ಮುಗಿದಿದೆ. ಹೊಸದಾಗಿ ಓದುತ್ತಿರುವವರಿಗಾಗಿ ಹೇಳುತ್ತೇನೆ: ಹಳೆಯ ಪಂದ್ಯಗಳ ರೆಕಾರ್ಡಿಂಗ್ ನೋಡಿ, ಇಟಲಿಯ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಮುನ್ಪಡೆ ಆಟಗಾರ) ಬ್ರೂನೊ ಕೋಂಟಿ ಚೆಂಡು ಮುಟ್ಟಿದ ಜಾಗವನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಗುರುತು ಮಾಡುತ್ತಿದ್ದೇನೆ. ಎಡಗಾಲಿನ ಪಾಸ್‌ಗೆ ನೀಲಿ ಗೆರೆ, ಬಲಗಾಲಿನದಕ್ಕೆ ಕೆಂಪು. ಚೆಂಡಿನ ಜೊತೆ ಓಡಿದ್ದಕ್ಕೆ ಚುಕ್ಕಿ ಗೆರೆ. ಪಂದ್ಯಕ್ಕೆ ಎರಡು ಹಾಳೆ, ಅರ್ಧಕ್ಕೊಂದು.

ಇವನನ್ನೇ ಯಾಕೆ ಹಿಡಿದುಕೊಂಡೆ ಅಂತ ಕೇಳುವವರಿದ್ದಾರೆ. ದೇಶಕ್ಕಾಗಿ 47 ಪಂದ್ಯ, 5 ಗೋಲು. ಅಂಕಿ ಮಾತ್ರ ನೋಡಿದರೆ ದೊಡ್ಡದೇನೂ ಅನ್ನಿಸಲ್ಲ. ಆದರೆ ಬೇರೆಯವರು ಹೊಡೆದ ಗೋಲುಗಳನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ನೋಡಿ. ಅಲ್ಲಿ ಈ ಗಿಡ್ಡ ಆಳು ಸಿಕ್ಕೇ ಸಿಗುತ್ತಾನೆ. ಗೋಲಿನ ಪಟ್ಟಿಯಲ್ಲಿ ಕಾಣದ ಆ ಕೆಲಸವನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು ಅನ್ನೋದೇ ನನ್ನ ಆಸೆ.

ಈ ಸಲ ಜಾಸ್ತಿ ಹೊತ್ತು ಹಿಡಿದದ್ದು ಬ್ರೆಜಿಲ್ ಪುಟ. ಜುಲೈ 5, ಬಾರ್ಸಿಲೋನಾದ ಸರ್ರಿಯಾ ಮೈದಾನ. ಇಟಲಿ 3, ಬ್ರೆಜಿಲ್ 2. ಮೂರೂ ಗೋಲು ಪಾವ್ಲೊ ರೊಸ್ಸಿಯದ್ದು ಅಂತ ಎಲ್ಲರಿಗೂ ಗೊತ್ತು. 5ನೇ ನಿಮಿಷದ ಮೊದಲ ಗೋಲನ್ನು ನಿಧಾನವಾಗಿ ನೋಡಿ. ಕೋಂಟಿ ಬಲಬದಿಯಿಂದ ಚೆಂಡು ತಂದು ಒಳಕ್ಕೆ ತಿರುಗುತ್ತಾನೆ. ಎಡಗಾಲಿನಿಂದ ಆಚೆ ಬದಿಗೆ, ಇಟಲಿಯ ಎಡಬದಿ ಡಿಫೆಂಡರ್ ಕಬ್ರಿನಿ ಕಡೆಗೆ ಉದ್ದಕ್ಕೆ ಕಳಿಸುತ್ತಾನೆ. ಕಬ್ರಿನಿಯ ಕ್ರಾಸ್, ರೊಸ್ಸಿಯ ಹೆಡರ್. ಲೆಕ್ಕದಲ್ಲಿ ಉಳಿಯುವುದು ಆ ಇಬ್ಬರ ಹೆಸರು. ನನ್ನ ಹಾಳೆಯಲ್ಲಿ ಮಾತ್ರ ಮೈದಾನವನ್ನು ಅಡ್ಡ ದಾಟುವ ಒಂದು ನೀಲಿ ಗೆರೆ ಇದೆ. ಬ್ರೆಜಿಲ್ ರಕ್ಷಣೆ ಅಷ್ಟೂ ಒಂದು ಕಡೆ ವಾಲಿತ್ತು, ಆ ಗೆರೆ ಅದನ್ನು ಒಡೆಯಿತು. 74ನೇ ನಿಮಿಷದ ಮೂರನೇ ಗೋಲು ಶುರುವಾಗಿದ್ದೂ ಕೋಂಟಿಯ ಕಾರ್ನರ್‌ನಿಂದಲೇ. ಅವತ್ತು ಬ್ರೆಜಿಲ್‌ನ ಎರಡನೇ ಗೋಲು ಹೊಡೆದ ಫಲ್ಕಾವೊ ರೋಮಾ ಕ್ಲಬ್ಬಿನಲ್ಲಿ ಕೋಂಟಿಯ ಜೊತೆಗಾರ. ಮರುವರ್ಷ ಇಬ್ಬರೂ ಸೇರಿ ರೋಮಾಗೆ ಲೀಗ್ ಗೆದ್ದುಕೊಟ್ಟರು!

ಅರ್ಜೆಂಟೀನಾ ಪುಟ ಬೇಗ ಮುಗಿಯಿತು. ಅದರಲ್ಲಿ ನನಗಿಷ್ಟವಾದ ಗೆರೆ ಒಂದೇ. ರೊಸ್ಸಿಯ ಹೊಡೆತವನ್ನು ಅರ್ಜೆಂಟೀನಾ ಗೋಲ್‌ಕೀಪರ್ ಫಿಲ್ಲೋಲ್ ತಡೆದಾಗ ಚೆಂಡು ಕೋಂಟಿಗೆ ಸಿಗುತ್ತದೆ. ಅವನು ಅವಸರ ಮಾಡಲ್ಲ. ಹಿಂದಕ್ಕೆ ಕಬ್ರಿನಿಗೆ ಕೊಡುತ್ತಾನೆ, ಗೋಲು.

ಗೆರೆಗಳೆಲ್ಲ ಒಟ್ಟಾದ ಮೇಲೆ ಒಂದು ವಿಷಯ ಚೆನ್ನಾಗಿ ಕಾಣುತ್ತಿದೆ. ಕೋಂಟಿ ಎಡಗಾಲಿನವನು, ಆಡಿದ್ದು ಬಲಬದಿಯಲ್ಲಿ. ಈಗ ಅದು ಮಾಮೂಲಿ. ಆ ಕಾಲದಲ್ಲಿ ಬಲ ವಿಂಗರ್ ಅಂದರೆ ಗೆರೆ ಹಿಡಿದು ಓಡಿ, ಬಲಗಾಲಿನಿಂದ ಕ್ರಾಸ್ ಹಾಕುವವನು. ಕೋಂಟಿ ಹೊರಗೂ ಹೋಗುತ್ತಿದ್ದ, ಒಳಕ್ಕೂ ತಿರುಗುತ್ತಿದ್ದ. ಡಿಫೆಂಡರ್ ಯಾವ ಬದಿ ಕಾಯಬೇಕು ಹೇಳಿ? ಸಾಲದ್ದಕ್ಕೆ ಬದಿಯನ್ನೇ ಬದಲಾಯಿಸುತ್ತಿದ್ದ. ಪೋಲೆಂಡ್ ಮೇಲಿನ ಸೆಮಿಫೈನಲ್‌ನಲ್ಲಿ ರೊಸ್ಸಿಯ ಎರಡನೇ ಗೋಲಿಗೆ ಕ್ರಾಸ್ ಬಂದದ್ದು ಎಡಬದಿಯಿಂದ.

ಒಂದು ಕೊರತೆ ಮಾತ್ರ ಉಳಿದೇ ಉಳಿಯುತ್ತದೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡಿಲ್ಲದಾಗ ಕೋಂಟಿ ಎಲ್ಲಿ ಓಡಿದ ಅನ್ನೋದು ಎಷ್ಟೋ ಸಲ ಕಾಣುವುದೇ ಇಲ್ಲ. ಅಂಥ ಕಡೆ ಸುಮ್ನೆ ಊಹೆ ಮಾಡಿ ಗೆರೆ ಎಳೆಯಲ್ಲ, ಖಾಲಿ ಬಿಡುತ್ತೇನೆ.

ಫೈನಲ್‌ನ ಎರಡನೇ ಹಾಳೆಗೆ ಇನ್ನೂ ಬಣ್ಣ ಹಾಕಬೇಕು. ಮೊದಲರ್ಧದಲ್ಲಿ ಎದುರಾಳಿ ಪಶ್ಚಿಮ ಜರ್ಮನಿಯ ಬ್ರೀಗಲ್ ಕೋಂಟಿಯನ್ನು ಕೆಡವಿ ಪೆನಾಲ್ಟಿ ಕೊಟ್ಟ, ಕಬ್ರಿನಿ ಅದನ್ನು ಹೊರಗೆ ಹೊಡೆದ. 81ನೇ ನಿಮಿಷದಲ್ಲಿ ಬಲಬದಿಯಲ್ಲಿ ಆ ದೀರ್ಘ ಓಟ, ಅಲ್ಟೊಬೆಲ್ಲಿಗೆ ಪಾಸ್, ಮೂರನೇ ಗೋಲು. ಎಂಬತ್ತು ನಿಮಿಷ ಆಡಿದ ಕಾಲು ಅಂತ ನಂಬೋಕೇ ಆಗಲ್ಲ.

ಮುನ್ನುಡಿಯ ಪುಟವನ್ನೂ ಬರೆದಿಟ್ಟೆ. ಹುಟ್ಟಿದ್ದು 1955ರಲ್ಲಿ, ರೋಮ್‌ಗೆ ದಕ್ಷಿಣದ ಕಡಲತೀರದ ಊರು ನೆಟ್ಟೂನೊದಲ್ಲಿ. 1944ರಲ್ಲಿ ಅಲ್ಲಿ ಇಳಿದ ಅಮೆರಿಕದ ಸೈನಿಕರು ಬೇಸ್‌ಬಾಲ್ ಬಿಟ್ಟುಹೋಗಿದ್ದರು. ಹುಡುಗ ಕೋಂಟಿ ಅದರಲ್ಲೂ ಚುರುಕು. ಅಮೆರಿಕಕ್ಕೆ ಕರೆದೊಯ್ಯುತ್ತೇವೆ ಅಂದವರಿಗೆ ಅಪ್ಪ ಬೇಡ ಅಂದರು. ಆಮೇಲೆ ರೋಮಾ, ನಡುವೆ ಎರಡು ಸಲ ಜೆನೋವಾ ಕ್ಲಬ್ಬಿಗೆ ಸ್ವಲ್ಪ ಕಾಲದ ಎರವಲು ಆಟಗಾರನಾಗಿ. ಅಲ್ಲಿ ಮೊದಲ ಸಲ ಜೊತೆಯಾದ ಸೆಂಟರ್ ಫಾರ್ವರ್ಡ್ ರೊಬೆರ್ಟೊ ಪ್ರುಜ್ಜೊ ಮುಂದೆ ರೋಮಾಗೂ ಬಂದ.

ಈ ಜೋಡಿಯಿಂದಲೇ ಮುಂದಿನ ಭಾಗ ಶುರು ಮಾಡುತ್ತೇನೆ: 1984ರ ಮೇ 30, ಯುರೋಪಿಯನ್ ಕಪ್ ಫೈನಲ್, ಲಿವರ್‌ಪೂಲ್ ಎದುರಾಳಿ, ಮೈದಾನ ರೋಮಾದ್ದೇ. ಕೋಂಟಿಯ ಮೊದಲ ಕ್ರಾಸ್ ಡಿಫೆಂಡರ್‌ಗೆ ಬಡಿದು ವಾಪಸ್ ಬರುತ್ತದೆ. ಮತ್ತೆ ಹಾಕುತ್ತಾನೆ, ಪ್ರುಜ್ಜೊ ಹೆಡರ್, 1–1. ಆ ಎರಡೂ ಗೆರೆ ಹಾಳೆಯಲ್ಲಿ ಇರಬೇಕು. ಪೆನಾಲ್ಟಿ ಶೂಟೌಟ್‌ನಲ್ಲಿ ಕೋಂಟಿ ಹೊಡೆದದ್ದು ಬಾರ್ ಮೇಲೆ ಹೋಯಿತು, ಗ್ರಾಜಿಯಾನಿಯದೂ ಹಾಗೇ, ರೋಮಾ ಸೋತಿತು. ಅದನ್ನು ಬಿಟ್ಟುಬಿಡು ಅಂತ ಒಬ್ಬ ಗೆಳೆಯ ಹೇಳಿದ. ನಾನು ಬಿಡಲ್ಲ. 1991ರಲ್ಲಿ ಅದೇ ಮೈದಾನ ತುಂಬಿ ಜನ ಅವನನ್ನು ಬೀಳ್ಕೊಟ್ಟರು ಅಲ್ವಾ, ಆ ಪೆನಾಲ್ಟಿಯನ್ನು ಕಣ್ಣಾರೆ ಕಂಡವರೂ ಅವರಲ್ಲಿ ಇದ್ದೇ ಇರುತ್ತಾರೆ.

1982–83ರ ಲೀಗ್ ಪಂದ್ಯಗಳು ಪೂರ್ತಿಯಾಗಿ ಸಿಗುವುದು ಕಷ್ಟ, ತುಣುಕುಗಳೇ ಜಾಸ್ತಿ. ಪೂರ್ತಿ ಸಿಕ್ಕಿದ್ದನ್ನು ಮೊದಲು ಮುಗಿಸುತ್ತೇನೆ. ತುಣುಕುಗಳಿಗೆ ಪಂದ್ಯಕ್ಕೊಂದು ಹಾಳೆ ಸಾಕು.