ದೃಷ್ಟಿ ತೆಗೆಯುವ ಕೈಗಳು

ಕಾಸರಗೋಡಿನ ನಮ್ಮ ಕುಂಬಳೆ ಕಡೆ ಭೂತಗಳನ್ನು, ಅಂದರೆ ದೈವಗಳನ್ನು, ಯಾರೂ ಓಡಿಸುವುದಿಲ್ಲ. ಅವು ಊರು ಕಾಯುವವು. ಆರಿಕ್ಕಾಡಿಯ ಆಲಿಯನ್ನೇ ನೋಡಿ. ಮುಸ್ಲಿಂ ಮಂತ್ರವಾದಿಯಾಗಿದ್ದ ಆಲಿಯನ್ನು ದೇವಿ ಕೊಂದಳು, ಆಮೇಲೆ ಅವನೇ ದೈವವಾದ ಅನ್ನುತ್ತದೆ ಐತಿಹ್ಯ. ಹರಕೆ ಹೊತ್ತು ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಇದು ನನಗೆ ತುಂಬ ಇಷ್ಟ.

ಕೆಟ್ಟ ಕಣ್ಣಿನ ಕಥೆ ಬೇರೆ. ಮಗು ಸಂಜೆ ಸುಮ್ನೆ ಅಳಲು ಶುರು ಮಾಡಿದರೆ ಅಮ್ಮ ಉಪ್ಪು, ಸಾಸಿವೆ, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕುತ್ತಾರೆ. ಚಟಪಟ ಸದ್ದು ಬರುತ್ತದೆ. ಘಾಟು ಬರದಿದ್ದರೆ, "ನೋಡು, ದೃಷ್ಟಿ ಜಾಸ್ತಿಯೇ ಇತ್ತು" ಅನ್ನುತ್ತಾರೆ.

ಬೇಲಿಯಾಚೆ ಬ್ಯಾರಿ ಮುಸ್ಲಿಮರ ಮನೆ. ಅಲ್ಲಿನ ಉಮ್ಮ ಕುರ್‌ಆನಿನ ಕೊನೆಯ ಎರಡು ಅಧ್ಯಾಯ, 113 ಮತ್ತು 114, ಓದಿ ಅಂಗೈಗೆ ಊದಿ ಮೊಮ್ಮಗುವಿನ ತಲೆಯಿಂದ ಕಾಲಿನವರೆಗೆ ಸವರುತ್ತಾರೆ. ಹೊಟ್ಟೆಕಿಚ್ಚಿನವರ ಕೇಡಿನಿಂದ ಕಾಪಾಡು ಎಂಬ ಬೇಡಿಕೆ 113ರಲ್ಲೇ ಇದೆ. ಅಮ್ಮನ ಭಯವೂ ಅದೇ ಅಲ್ವಾ?

ಬೇಳ ಊರಿನ ಕ್ರೈಸ್ತ ಗೆಳತಿಯ ಬಾಗಿಲಲ್ಲಿ ಸಂತ ಬೆನೆಡಿಕ್ಟರ ಪದಕವಿದೆ. ಅದರ ಅಂಚಿನ ಅಕ್ಷರಗಳು "ಸೈತಾನನೇ, ತೊಲಗು" ಎಂಬ ಲ್ಯಾಟಿನ್ ಪ್ರಾರ್ಥನೆಯವು.

ಇವೆಲ್ಲ ನನಗೆ ಪ್ರೀತಿಯ ಕೆಲಸಗಳಾಗಿಯೇ ಕಾಣುತ್ತವೆ. ಸಿಟ್ಟು ಬರುವುದು ಬೇರೆ ಕಡೆ. ಬಾಣಂತಿ ಮಂಕಾಗಿ ಕೂತರೆ "ಮೈಮೇಲೆ ಏನೋ ಬಂದಿದೆ" ಎಂದು ದುಡ್ಡು ಕೀಳುವವರು ಮೂರೂ ಧರ್ಮಗಳಲ್ಲಿದ್ದಾರೆ. ಅವಳಿಗೆ ಬೇಕಾದದ್ದು ನಿದ್ದೆ, ಜೊತೆಗೊಬ್ಬರು, ಡಾಕ್ಟರು. ಉಪ್ಪು ಮೆಣಸು ಆಮೇಲೆ ನಿವಾಳಿಸಿ, ಬೇಡ ಅನ್ನುವುದಿಲ್ಲ.