ಬೆಕ್ಕಿನ ಮರಿ ಕಚ್ಚುವುದನ್ನು, ಪರಚುವುದನ್ನು ಬಿಡಿಸುವುದು ಹೇಗೆ?

"ಮರಿ ಸದಾ ಕೈಗೇ ಬಾಯಿ ಹಾಕುತ್ತದೆ, ನಡೆದಾಡಿದರೆ ಕಾಲಿಗೆ ಎರಗುತ್ತದೆ, ಗದರಿದರೂ ಕೇಳುವುದಿಲ್ಲ. ಏನು ಮಾಡಲಿ?" ಬೆಕ್ಕು ಸಾಕಿದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅದಕ್ಕೆ ಮೊದಲು ನೋಡಬೇಕಾದದ್ದು, ಮರಿಯನ್ನು ಆಡಿಸುತ್ತಿರುವುದು ಏತರಿಂದ ಎಂಬುದನ್ನು. ಬೆರಳು ಕುಣಿಸಿ ಆಡಿಸುತ್ತಿದ್ದರೆ, ಕೈ ಎಂದರೆ ಹಿಡಿದು ಕಚ್ಚುವ ಬೇಟೆ ಎಂದು ನಾವೇ ಕಲಿಸುತ್ತಿದ್ದೇವೆ. ಎರಡು ತಿಂಗಳಿಗೆ ಅದು ಕಚಗುಳಿಯಂತಿರುತ್ತದೆ. ಆರೇಳು ತಿಂಗಳಿಗೆ 26 ಹಾಲುಹಲ್ಲು ಬಿದ್ದು 30 ಗಟ್ಟಿ ಹಲ್ಲು ಬಂದಿರುತ್ತವೆ. ಆಟ ಅದೇ, ಆದರೆ ರಕ್ತ ಬರುತ್ತದೆ.

ಎಷ್ಟು ಜೋರಾಗಿ ಕಚ್ಚಬಹುದು ಎಂಬ ಅಳತೆಯನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಹೊರಳಾಡುವಾಗ. ಕಚ್ಚಿದ್ದು ಅತಿಯಾದರೆ ಇನ್ನೊಂದು ಮರಿ ಚೀರಿ, ಆಟ ಬಿಟ್ಟು ಎದ್ದು ಹೋಗುತ್ತದೆ. ತೀರಾ ಬೇಗ ತಾಯಿಯಿಂದ ಬೇರಾದ ಮರಿಗೆ ಈ ಪಾಠ ಅರ್ಧಕ್ಕೇ ನಿಂತಿರುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ 12 ವಾರದವರೆಗೂ ತಾಯಿಯ ಜೊತೆಗೇ ಬಿಡಿ.

ಹಲ್ಲು ಊರಿದಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಡಿ. ತಪ್ಪಿಸಿಕೊಂಡು ಓಡುವುದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವುದು ಬೆಕ್ಕಿನ ಹುಟ್ಟುಗುಣ. ಎಳೆದಷ್ಟೂ ಉಗುರು ಚರ್ಮವನ್ನು ಸೀಳುತ್ತದೆ. ಕೈಯನ್ನು ಅಲ್ಲಾಡಿಸದೆ ಸಡಿಲ ಬಿಡಿ. ಹಿಡಿತ ಬಿಡದಿದ್ದರೆ ಕೈಯನ್ನು ಮರಿಯ ಕಡೆಗೇ ಒಂದಿಷ್ಟು ಸರಿಸಿ. ಬೇಟೆ ಎದುರು ಬಂದರೆ ಅದು ಗಲಿಬಿಲಿಗೊಂಡು ಬಾಯಿ ಸಡಿಲಿಸುತ್ತದೆ. ಬಿಟ್ಟ ತಕ್ಷಣ ಮಾತಿಲ್ಲದೆ ಎದ್ದು ಹೋಗಿ, ಒಂದೆರಡು ನಿಮಿಷ ಅದರತ್ತ ನೋಡಲೂ ಬೇಡಿ. ಕಚ್ಚಿದರೆ ಆಟ ಮುಗಿಯಿತು, ಇಷ್ಟೇ ಪಾಠ. ಮನೆಯವರೆಲ್ಲ ಹೀಗೇ ಮಾಡಬೇಕು. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಬೆರಳು ಕುಣಿಸಿ ಮತ್ತೆ ಕಲಿಸಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೊಡೆಯುವುದು, ಮೂಗಿಗೆ ತಟ್ಟುವುದು, ಮುಖಕ್ಕೆ ನೀರು ಎರಚುವುದು ಖಂಡಿತ ಬೇಡ. ಮರಿ ಅದನ್ನು ಒರಟಾಟ ಎಂದುಕೊಂಡು ಇನ್ನೂ ಎಗರುತ್ತದೆ, ಇಲ್ಲವೇ ಕೈ ಕಂಡರೆ ಹೆದರುತ್ತದೆ. ಹೆದರಿದ ಬೆಕ್ಕು ಆಟಕ್ಕಿಂತ ಜೋರಾಗಿ ಕಚ್ಚುತ್ತದೆ.

ಬೇಟೆಯ ಹುಮ್ಮಸ್ಸಿಗೆ ಬೇರೆ ದಾರಿ ಕೊಡಲೇಬೇಕು. ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿ ಅಥವಾ ಬಟ್ಟೆಯ ಚೂರು ಕಟ್ಟಿ. ಹಲ್ಲಿಗೂ ಕೈಗೂ ಅಷ್ಟು ದೂರ ಇರಲಿ. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಆಡಿಸಿ. ಬೆಕ್ಕು ಚುರುಕಾಗುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಕಾಲಿಗೆ ಎರಗುವುದೂ ಹೆಚ್ಚಾಗಿ ಆಗಲೇ. ಅದಕ್ಕೆ ಸ್ವಲ್ಪ ಮುಂಚೆ ಆಡಿಸಿ, ಕೊನೆಗೆ ಗರಿ ಅದರ ಕೈಗೆ ಸಿಗುವಂತೆ ಮಾಡಿ, ಊಟ ಹಾಕಿ. ತಿಂದು, ಮೈ ನೆಕ್ಕಿಕೊಂಡು ಮಲಗುತ್ತದೆ. ಆಡಿದ ಮೇಲೆ ದಾರವನ್ನು ಎತ್ತಿಡಿ. ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಜೀವಕ್ಕೇ ಕುತ್ತು.

ಮುದ್ದು ಮಾಡುವಾಗ ಕಚ್ಚುವುದು ಬೇರೆಯೇ ವಿಷಯ. ಅದು ಸುಮ್ಮನೆ ಕಚ್ಚುವುದಿಲ್ಲ, ಮೊದಲೇ ಹೇಳಿರುತ್ತದೆ. ಬಾಲದ ತುದಿ ಪಟಪಟ ಬಡಿಯುತ್ತದೆ, ಬೆನ್ನಿನ ಚರ್ಮ ಅಲೆಯಂತೆ ನಡುಗುತ್ತದೆ, ಕಿವಿ ಪಕ್ಕಕ್ಕೆ ಹೊರಳುತ್ತದೆ. ಇದರಲ್ಲಿ ಒಂದು ಕಂಡರೂ ಕೈ ತೆಗೆಯಿರಿ. ಮೂರು ಸೆಕೆಂಡ್ ಸವರಿ ನಿಲ್ಲಿಸಿ ನೋಡಿ: ತಲೆ ಒಡ್ಡಿ ಒರಗಿದರೆ ಮುಂದುವರಿಸಿ, ಸುಮ್ಮನಿದ್ದರೆ ಸಾಕು. ಗಲ್ಲ, ಗದ್ದ, ಕಿವಿಯ ಬುಡ ಹೆಚ್ಚಿನವಕ್ಕೆ ಹಿತ. ಹೊಟ್ಟೆ ಮೇಲೆ ಮಾಡಿ ಹೊರಳಿದ್ದು ನಂಬಿಕೆಯಿಂದ, ಮುಟ್ಟಲಿ ಎಂದಲ್ಲ.

ಉಗುರನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ. ಪಂಜದ ಮೆತ್ತೆಯನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗಿನ ಗುಲಾಬಿ ಬಣ್ಣದ ಭಾಗದಲ್ಲಿ ರಕ್ತನಾಳ, ನರ ಇರುವುದರಿಂದ ಅದನ್ನು ಬಿಟ್ಟು ಮೊನೆಯನ್ನಷ್ಟೇ ತೆಗೆಯಿರಿ. ಶಸ್ತ್ರಚಿಕಿತ್ಸೆಯಿಂದ ಉಗುರು ತೆಗೆಸುವುದೆಂದರೆ ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು, ಅದನ್ನು ಮಾಡಿಸಲೇಬೇಡಿ.

ಸಾಧುವಾಗಿದ್ದ ದೊಡ್ಡ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಹಲ್ಲು, ಕೀಲು, ಇನ್ನೆಲ್ಲೋ ನೋವಿರಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರನ್ನು ಕಾಣಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿದು, ಮೇಲೆ ಬರೀ ಚುಕ್ಕೆ ಕಾಣಿಸಿದರೂ ಒಳಗೆ ಕೀವಾಗುತ್ತದೆ. ರೇಬಿಸ್ ಲಸಿಕೆಯ ಬಗ್ಗೆಯೂ ಆಗಲೇ ಕೇಳಿ.